ಲಿಂಗತ್ವದ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ: ದೂರು ಬರೆಯುವ ಬಗೆ

ಸಾಗರದ ಅಡಿಕೆ ಸೊಸೈಟಿಯಿರಲಿ, ಶಿವಮೊಗ್ಗದ ಕಂಪನಿಯಿರಲಿ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ನೇಮಕ, ಬಡ್ತಿಯಲ್ಲಿ ತಾರತಮ್ಯ ಮಾಡುವಂತಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 9ನೇ ಕಲಂ ಇದನ್ನು ನಿಷೇಧಿಸುತ್ತದೆ. 11ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಇಲ್ಲದಿದ್ದರೆ ಮುಖ್ಯಸ್ಥರಿಗೇ ಬರೆಯಿರಿ, ಅಧಿಕಾರಿ ಇಲ್ಲವೆಂಬುದನ್ನೂ ನಮೂದಿಸಿ.

ಎಷ್ಟೋ ದೂರುಗಳು ಬಿದ್ದುಹೋಗುವುದು ‘ಎಲ್ಲರೂ ಹಂಗಿಸುತ್ತಾರೆ’ ಎಂಬಂಥ ಸಾಲಿನಿಂದ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾರೆದುರು, ಆಡಿದ ಮಾತು ಏನು ಎಂಬುದನ್ನು ಇದ್ದಹಾಗೇ ಬರೆಯಿರಿ. ಕೆಟ್ಟ ಮಾತೆಂದು ನಯಗೊಳಿಸಬೇಡಿ. ವಾಟ್ಸ್ಆ್ಯಪ್ ಸಂದೇಶವನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಮೂಲವನ್ನು ಅಳಿಸದೆ ಇಡಿ.

ಅಭಿಪ್ರಾಯವನ್ನೂ ಕಿರುಕುಳವನ್ನೂ ಬೆರೆಸಬೇಡಿ. ‘ಈ ಕಾಯ್ದೆ ಸರಿಯಿಲ್ಲ’ ಎಂದು ಚಹಾ ಹೊತ್ತಿನಲ್ಲಿ ವಾದಿಸಿದ ಸಹೋದ್ಯೋಗಿಯ ಮೇಲೆ ದೂರು ನಿಲ್ಲುವುದು ಕಷ್ಟ, ನಿಲ್ಲಲೂಬಾರದು. ಬೇಡವೆಂದರೂ ಒಬ್ಬರನ್ನೇ ಗುರಿಮಾಡಿ ಅವರು ಬಿಟ್ಟ ಹಳೆಯ ಹೆಸರಿನಿಂದ ಕೂಗುತ್ತಿದ್ದರೆ ಅದು ಬೇರೆ. ಅಂದಹಾಗೆ, ತನ್ನ ಲಿಂಗತ್ವವನ್ನು ಉಡುಪು, ನಡೆನುಡಿಯಲ್ಲಿ ತೋರುವುದೂ ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯವೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇದೇ ಕಾಯ್ದೆಯಡಿ ಬಂದ 2020ರ ನಿಯಮಗಳಂತೆ ವಿಚಾರಣೆಗೆ 15 ದಿನ, ವರದಿಯ ಮೇಲಿನ ಕ್ರಮಕ್ಕೆ ಮತ್ತೆ 15 ದಿನ. ಗಡುವು ಮೀರಿದರೆ ಮೊಹರಿನ ಪ್ರತಿಯೊಂದಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಕಡಿಮೆಯಿದ್ದವರಿಗೆ ವಕೀಲರು ಉಚಿತ.