ಬೆಳ್ಳುಳ್ಳಿ ಬುಡ ಕೊಳೆಯುತ್ತಿದ್ದರೆ ಮೊದಲು ಮಣ್ಣು ನೋಡಿ

ರಾಣೆಬೆನ್ನೂರಿನ ಕಡೆ ನಮ್ಮದು ಎರಡು ತುಂಡು ಹೊಲ. ಕೆರೆ ಕೆಳಗಿನದು ಎರೆ, ಅಂದರೆ ಕಪ್ಪು ಮಣ್ಣು; ದಿಬ್ಬದ ಮೇಲಿನದು ಮಸಾರಿ, ಅಂದರೆ ಕೆಂಪು ಮಣ್ಣು. ಹಿಂಗಾರಿಗೆ ಎರಡರಲ್ಲೂ ಬೆಳ್ಳುಳ್ಳಿ. ಬೀಜ ಒಂದೇ, ಊರುವ ಕೈಗಳೂ ಅವೇ. ಆದರೂ ಬುಡಕೊಳೆ ಮೊದಲು ಕಾಣುವುದು ಎರೆ ಹೊಲದ ತಗ್ಗಿನಲ್ಲೇ. ಹಾಗಾಗಿ ಯಾರಾದರೂ "ಯಾವ ಔಷಧಿ ಹೊಡೀಲಿ?" ಅಂದರೆ ನಾನು ಕೇಳುವುದು ಒಂದೇ: ನಿಮ್ಮಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ?

ಗೊತ್ತಿಲ್ಲವೆಂದರೆ ಬಿತ್ತನೆಗೆ ಮುಂಚೆ ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ. ಎರಡನೇ ಸಲದ್ದೇ ಲೆಕ್ಕ, ಏಕೆಂದರೆ ಮೊದಲ ನೀರನ್ನು ಎರೆಯ ಬಿರುಕುಗಳೇ ಕುಡಿದುಬಿಡುತ್ತವೆ. ಬೆಳಿಗ್ಗೆ ತುಂಬಿದ್ದು ಸಂಜೆಗೂ ನಿಂತಿದ್ದರೆ ಅಲ್ಲಿ ಸಮತಟ್ಟು ಮಡಿ ಬೇಡ. 15 ಸೆಂ.ಮೀ. ಎತ್ತರ, 120 ಸೆಂ.ಮೀ. ಅಗಲದ ಏರು ಮಡಿ ಮಾಡಿ, ನಡುವೆ 45 ಸೆಂ.ಮೀ. ಕಾಲುವೆ ಬಿಡಿ. ಬೆಳ್ಳುಳ್ಳಿಯ ಬೇರು ಮೇಲ್ಮೇಲೆಯೇ ಇರುತ್ತದೆ. ಗಾಳಿ ಸಿಗದೆ ಸೊರಗಿದ ಬೇರಿನಿಂದಲೇ ಫ್ಯುಸೇರಿಯಂ ಶಿಲೀಂಧ್ರ ಗಡ್ಡೆಯ ತಳಕ್ಕೆ ನುಗ್ಗುತ್ತದೆ. ಎಲೆ ತುದಿಯಿಂದ ಹಳದಿಯಾಗುತ್ತದೆ. ಕಿತ್ತರೆ ಗಿಡ ಸಲೀಸಾಗಿ ಬರುತ್ತದೆ, ತಳದಲ್ಲಿ ಬಿಳಿ ಬೂಷ್ಟು.

ಈ ಶಿಲೀಂಧ್ರಕ್ಕೆ ಬೆಚ್ಚಗಿನ ಮಣ್ಣು ಇಷ್ಟ, 25ರಿಂದ 30 ಡಿಗ್ರಿ. ನಮ್ಮಲ್ಲಿ ಫೆಬ್ರವರಿ ಬಂತೆಂದರೆ ಮಣ್ಣು ಕಾಯುತ್ತದೆ, ಗಡ್ಡೆಯೂ ಬಲಿಯುತ್ತಿರುತ್ತದೆ. ಆಗ "ಇನ್ನೊಂದು ನೀರು ಕೊಟ್ಟರೆ ತೂಕ ಬರುತ್ತೆ" ಅನ್ನುವ ಆಸೆ ಹುಟ್ಟುತ್ತದೆ ಅಲ್ವಾ, ಅದನ್ನು ತಡೆದುಕೊಳ್ಳಿ. ಕೀಳುವ 10-15 ದಿನ ಮುಂಚೆಯೇ ನೀರು ನಿಲ್ಲಿಸಿ.

ಬುಡ ಕೊಳೆಸುವ ಇನ್ನೊಂದು ಶಿಲೀಂಧ್ರ ರೋಗ ಬಿಳಿ ಕೊಳೆ, ಅದು ಬೇರೆ ಜಾತಿ. ಅದಕ್ಕೆ ತಂಪು ಬೇಕು. ಮಣ್ಣು 24 ಡಿಗ್ರಿ ದಾಟಿದರೆ ಅದು ಮುದುಡುತ್ತದೆ. ಆದರೆ ಗಸಗಸೆಯಷ್ಟು ಚಿಕ್ಕ ಅದರ ಕಪ್ಪು ಕಾಳುಗಳು ಮಣ್ಣಿನಲ್ಲಿ 20 ವರ್ಷವೂ ಸಾಯದೆ ಇರಬಲ್ಲವು. ಈರುಳ್ಳಿ, ಬೆಳ್ಳುಳ್ಳಿಯ ಬೇರಿನ ವಾಸನೆ ತಾಗಿದಾಗಲೇ ಅವು ಏಳುವುದು. ತಂಪು ಸೀಮೆಯಿಂದ ಬೀಜ ತರಿಸುವವರು ಎಸಳಿನ ಬುಡ ನೋಡಿಯೇ ಕೊಳ್ಳಿ.

ಮಸಾರಿಯ ಕಥೆ ನೀರಿನದಲ್ಲ, ಹುಳಿಯದು. ವರ್ಷಗಟ್ಟಲೆ ಅಮೋನಿಯಂ ಸಲ್ಫೇಟ್ ಸುರಿದ ಹೊಲದಲ್ಲಿ ರಸಸಾರ (pH) ಇಳಿಯುತ್ತದೆ, ಅಂದರೆ ಹುಳಿ ಏರುತ್ತದೆ; ಹುಳಿ ಮಣ್ಣಿನಲ್ಲಿ ಫ್ಯುಸೇರಿಯಂ ಕೊಬ್ಬುತ್ತದೆ. ಬೆಳ್ಳುಳ್ಳಿಗೆ 6ರಿಂದ 7 ಒಳ್ಳೆಯದು. ಕಡಿಮೆ ಇದ್ದರೆ ಮಣ್ಣು ಪರೀಕ್ಷೆಯ ಚೀಟಿ ಹೇಳಿದಷ್ಟೇ ಸುಣ್ಣ ಹಾಕಿ. ಪಕ್ಕದವರು ಹಾಕಿದರೆಂದು ಎರೆಗೆ ಸುಮ್ನೆ ಸುಣ್ಣ ಎರಚಬೇಡಿ. ಅದು ಮೊದಲೇ ಕ್ಷಾರ.

ಗೊಬ್ಬರದ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಅರೆ ಕೊಳೆತ ತಿಪ್ಪೆಗೊಬ್ಬರ ನಮ್ಮ ಹೊಲಕ್ಕೆ ಬರುವಂತಿಲ್ಲ. ಕೊಳೆಯದ ಕಸದ ಮೇಲೆ ಸ್ಕ್ಲೆರೋಶಿಯಂ ಎಂಬ ಇನ್ನೊಂದು ಶಿಲೀಂಧ್ರ ಬೆಳೆದು, ಅಲ್ಲಿಂದ ಗಿಡದ ಬುಡ ಹಿಡಿಯುತ್ತದೆ. 100 ಕೆಜಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ, ತೇವ ಆರದಂತೆ ನೆರಳಲ್ಲಿ ಹದಿನೈದು ದಿನ ಮುಚ್ಚಿಡಿ. ಆಮೇಲೆ ಮಡಿಗೆ ಹಾಕಿ. ಅದರ ಜೊತೆಗೇ ಶಿಲೀಂಧ್ರನಾಶಕ ಸುರಿದರೆ ದುಡ್ಡು ದಂಡ.

ಫ್ಯುಸೇರಿಯಂ ಬುಡಕೊಳೆ ಬಂದ ತುಂಡಿಗೆ ನಾಲ್ಕು ವರ್ಷ ಜೋಳ, ಮೆಕ್ಕೆಜೋಳ. ಈರುಳ್ಳಿ ಬೇಡವೇ ಬೇಡ, ಅದೂ ಇದೇ ರೋಗದ ನೆಂಟ. ಕಿತ್ತ ರೋಗದ ಗಿಡವನ್ನು ತಿಪ್ಪೆಗೆ ಎಸೆಯದೆ ಸುಡಿ. ಆ ತುಂಡು ಹರಗಿದ ಮೇಲೆ ಕುಂಟೆ, ಟ್ರ್ಯಾಕ್ಟರ್ ಗಾಲಿಯ ಮಣ್ಣನ್ನು ಅಲ್ಲೇ ತೊಳೆದು, ಆಮೇಲೆ ಬೇರೆ ಹೊಲಕ್ಕೆ ಇಳಿಸಿ.