ಸಾಫ್ಟ್‌ವೇರ್ ಭದ್ರತೆಗೆ ಸರ್ಕಾರದ ಹಣ: ಮೊದಲು ಪಟ್ಟಿ, ಆಮೇಲೆ ಅರ್ಜಿ

ದಾವಣಗೆರೆಯಲ್ಲಿ ಕೂತು ನಾಲ್ಕು ಜನರ ತಂಡವೊಂದು ಎಪಿಎಂಸಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟರೆ, ಅದರಲ್ಲಿ ತಂಡವೇ ಬರೆದ ಕೋಡ್ ಸ್ವಲ್ಪ. ಮಿಕ್ಕಿದ್ದು ಯಾರೋ ಬರೆದು ಪುಕ್ಕಟೆ ಬಿಟ್ಟ ಲೈಬ್ರರಿಗಳು, ಅಂದರೆ ಸಿದ್ಧ ಕೋಡಿನ ಕಟ್ಟುಗಳು. 2021ರ ಡಿಸೆಂಬರ್‌ನಲ್ಲಿ ಬಯಲಾದ, ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ದೋಷ ಒಂದು ಎಡವಟ್ಟು. 2024ರ ಮಾರ್ಚ್‌ನಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸಿಕ್ಕಿದ್ದು ಬೇಕಂತಲೇ ಇಟ್ಟ ಹಿಂಬಾಗಿಲು. ಎರಡೂ ಬಂದದ್ದು ಇದೇ ದಾರಿಯಲ್ಲಿ. ಇದನ್ನು ಸರಿಪಡಿಸಲು ಸರ್ಕಾರಗಳು ಹಣ ಕೊಡುತ್ತವೆ. ಆದರೆ ‘ನಮಗೆ ಭದ್ರತೆ ಬೇಕು’ ಎಂದಷ್ಟೇ ಬರೆದ ಅರ್ಜಿ ಮುಂದೆ ಹೋಗುವುದಿಲ್ಲ. ಯಾವ ಭಾಗ, ಯಾವ ಆವೃತ್ತಿ, ಎಷ್ಟು ದಿನದ ಕೆಲಸ ಎಂದು ಹೇಳಬೇಕು.

ಪಟ್ಟಿ ಮಾಡುವುದು

ಅದಕ್ಕೆ ಮೊದಲು ಸಾಫ್ಟ್‌ವೇರಿನೊಳಗಿನ ಎಲ್ಲ ಭಾಗಗಳ ಪಟ್ಟಿ ಬೇಕು. ಈ ಪಟ್ಟಿಗೆ ಎಸ್‌ಬಾಮ್ (ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್) ಎನ್ನುತ್ತಾರೆ. ಅದನ್ನು ತಾನೇ ತಯಾರಿಸುವ ಟೂಲ್‌ಗಳಲ್ಲಿ ಸಿಫ್ಟ್ ಅಥವಾ ಟ್ರಿವಿ ಸಾಕು, ಎರಡೂ ಪುಕ್ಕಟೆ. ಇಂಥ ಪಟ್ಟಿಗೆಂದೇ ಇರುವ ಸೈಕ್ಲೋನ್‌ಡಿಎಕ್ಸ್ ಇಲ್ಲವೇ ಎಸ್‌ಪಿಡಿಎಕ್ಸ್ ಮಾದರಿಯಲ್ಲಿ ಔಟ್‌ಪುಟ್ ತೆಗೆಯಿರಿ.

ಎಡವುವುದು ಇಲ್ಲೇ. ಟೂಲನ್ನು ಬರೀ ಸೋರ್ಸ್ ಫೋಲ್ಡರ್ ಮೇಲೆ ಓಡಿಸಿದರೆ ಡಾಕರ್ ಇಮೇಜಿನೊಳಗಿನ (ಸಾಫ್ಟ್‌ವೇರನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ಕಟ್ಟಿದ ಪೊಟ್ಟಣ) ಲಿನಕ್ಸ್ ಪ್ಯಾಕೇಜುಗಳು ಪಟ್ಟಿಗೆ ಬರುವುದಿಲ್ಲ. ಗ್ರಾಹಕರಿಗೆ ಹೋಗುವ ಇಮೇಜಿನ ಮೇಲೆಯೂ ಓಡಿಸಿ. ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಫೈಲನ್ನು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸದಿದ್ದರೆ ಇವತ್ತಿನ ಆವೃತ್ತಿ ನಾಳೆಗೆ ಇರುವುದಿಲ್ಲ. ಯಾವಾಗಲೋ ಕೈಯಲ್ಲಿ ಕಾಪಿ ಮಾಡಿ ಹಾಕಿದ ಹಳೇ ಜೆಕ್ವೆರಿ (ವೆಬ್ ಪುಟಗಳಿಗೆ ಬಳಸುವ ಲೈಬ್ರರಿ) ಫೈಲು ಟೂಲ್ ಕಣ್ಣಿಗೆ ಬೀಳದೆ ಹೋಗಬಹುದು, ಅದನ್ನು ನೀವೇ ಹುಡುಕಿ ಬರೆಯಬೇಕು.

ಅಮೆರಿಕದ ದೂರಸಂಪರ್ಕ ಸಂಸ್ಥೆ ಎನ್‌ಟಿಐಎ ಇಂಥ ಪಟ್ಟಿಗೆ 2021ರಲ್ಲಿ ಗೊತ್ತುಮಾಡಿದ ಕನಿಷ್ಠ ವಿವರಗಳು ಏಳು; ಅವನ್ನು ಟೂಲ್ ಬಹುಮಟ್ಟಿಗೆ ತುಂಬಿಕೊಡುತ್ತದೆ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ತಂದ ಮಾರ್ಗಸೂಚಿ ಇನ್ನೂ ಹೆಚ್ಚು ಕೇಳುತ್ತದೆ: ಪ್ಯಾಚ್ ಸ್ಥಿತಿ, ಬೆಂಬಲ ಮುಗಿಯುವ ದಿನಾಂಕ, ಆ ಭಾಗ ಎಷ್ಟು ನಿರ್ಣಾಯಕ ಎಂಬುದು. ಇವನ್ನು ಮನುಷ್ಯರೇ ಕೂತು ತುಂಬಬೇಕು. ನಿಮ್ಮ ಕೋಡ್ ನೇರವಾಗಿ ಕರೆಯುವ ಲೈಬ್ರರಿಗಳಿಂದ ಶುರುಮಾಡಿ. ಪಟ್ಟಿಯಲ್ಲಿ ಇನ್ನೂರು ಸಾಲಿದ್ದರೆ ಇಬ್ಬರಿಗೆ ಮೂರ್ನಾಲ್ಕು ದಿನ ಹಿಡಿಯುತ್ತದೆ.

ಯಾರ ಹತ್ತಿರ ಕೇಳುವುದು

ರಾಜ್ಯದ ಎಲಿವೇಟ್ ಯೋಜನೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಆದರೆ ಅದು ಹೊಸ ಆಲೋಚನೆಗೆ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನ ರಿಪೇರಿಗೆ ಅಲ್ಲಿ ಕೇಳಬೇಡಿ. ಸಣ್ಣ ಕಂಪನಿಗಳಿಗೆ ಕನ್ನಡದಲ್ಲಿ ಎಸ್‌ಬಾಮ್ ಮಾಡಿಕೊಡುವ ಉತ್ಪನ್ನ ಕಟ್ಟುತ್ತೀರಾದರೆ ಕೇಳಿ. ಬರೀ ಆಡಿಟ್ ಬೇಕಿರುವ ಸ್ಟಾರ್ಟಪ್‌ಗೆ ಕರ್ನಾಟಕ ಸೈಬರ್ ಭದ್ರತಾ ನೀತಿ 2024ರ ಮರುಪಾವತಿ ಸರಿಹೋಗುತ್ತದೆ. ಆಡಿಟರ್ ಸರ್ಟ್-ಇನ್ ಪಟ್ಟಿಯಲ್ಲಿರಬೇಕು. ಮರುಪಾವತಿ ಎಂದರೆ ಮೊದಲು ಕೈಯಿಂದ ಖರ್ಚು.

ನಿಮ್ಮದು ಓಪನ್ ಸೋರ್ಸ್ ಲೈಬ್ರರಿಯಾದರೆ ಹೊರದೇಶದ ಬಾಗಿಲೂ ಇದೆ. ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಐರೋಪ್ಯ ಆಯೋಗದ ಹಣದಿಂದ 5,000ದಿಂದ 50,000 ಯೂರೋವರೆಗೆ ಕೊಟ್ಟಿದೆ. ಯೂರೋಪಿಗೂ ಅದರಿಂದ ಏನು ಉಪಯೋಗ ಎಂದು ತೋರಿಸಬೇಕು. ಜರ್ಮನಿಯ ಸಾವರಿನ್ ಟೆಕ್ ಫಂಡ್ ಎಲ್ಲರೂ ನೆಚ್ಚಿಕೊಂಡಿರುವ ತಳಪಾಯದ ಸಾಫ್ಟ್‌ವೇರಿಗೆ ಮಾತ್ರ. ಮಂಡಿ ಆ್ಯಪ್ ಹಿಡಿದು ಅಲ್ಲಿಗೆ ಹೋಗುವುದು ದಂಡ.

ಕೆಲಸಕ್ಕೆ ಬೆಲೆ ಕಟ್ಟುವುದು

ಒಬ್ಬರ ಒಂದು ದಿನವನ್ನು ಅಳತೆ ಮಾಡಿಕೊಳ್ಳಿ. ಮಧ್ಯಮ ಗಾತ್ರದ ಪಿಎಚ್‌ಪಿ ಸಾಫ್ಟ್‌ವೇರಿಗೆ ಒಂದು ಅಂದಾಜು: ಪಟ್ಟಿಗೆ 7 ದಿನ, ಹಳೇ ಆವೃತ್ತಿ ಬದಲಿಸಿ ಪರೀಕ್ಷಿಸಲು 25, ಬಿಲ್ಡ್ (ಕೋಡಿನಿಂದ ಬಿಡುಗಡೆಗೆ ಸಿದ್ಧವಾದ ಸಾಫ್ಟ್‌ವೇರ್ ಕಟ್ಟುವ ಹಂತ) ಭದ್ರಪಡಿಸಲು 8, ಬಿಡುಗಡೆಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಗೆ 4. ಒಟ್ಟು 44. ಎಲ್ಲರೂ ಕಡಿಮೆ ಬರೆದು ಸಿಕ್ಕಿಬೀಳುವುದು ಆ 25ರಲ್ಲಿ. ಪಿಎಚ್‌ಪಿ 7.4ಕ್ಕೆ ಬೆಂಬಲ ನಿಂತದ್ದು 2022ರ ನವೆಂಬರ್‌ನಲ್ಲಿ. ಅದರಿಂದ ಮೇಲೆ ಹತ್ತಿದರೆ ಬಿಲ್ ಪ್ರಿಂಟ್ ಮುರಿಯಬಹುದು, ತೂಕದ ದಶಮಾಂಶ ತಪ್ಪಬಹುದು. ಪರೀಕ್ಷಾ ಕೋಡ್ ಇಲ್ಲದಿದ್ದರೆ ಮೊದಲ ಹತ್ತು ದಿನ ಅದನ್ನು ಬರೆಯುವುದಕ್ಕೇ ಬೇಕು.

ಬಿಲ್ಡ್ ಭದ್ರಪಡಿಸುವುದು ಎಂದರೆ ಇಷ್ಟು: ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ತರಲು ಸರ್ವರಿನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ಲಾಕ್ ಫೈಲಿನಲ್ಲಿರುವ ಆವೃತ್ತಿಯನ್ನೇ ತರುವ ‘ಎನ್‌ಪಿಎಂ ಸಿಐ’ ಆದೇಶ, ಎಲ್ಲ ಖಾತೆಗೂ ಎರಡು ಹಂತದ ಲಾಗಿನ್, ಗಿಟ್‌ಹಬ್ ಆ್ಯಕ್ಷನ್‌ಗಳನ್ನು (ಬಿಲ್ಡ್ ಕೆಲಸವನ್ನು ತಾನೇ ಮಾಡುವ, ಬೇರೆಯವರೂ ಬರೆದಿಟ್ಟ ತುಣುಕುಗಳು) ಬದಲಿಸಬಹುದಾದ ಟ್ಯಾಗ್ ಹೆಸರಿನ ಬದಲು, ಕೋಡಿನ ಒಂದೇ ರೂಪವನ್ನು ಗುರುತಿಸುವ 40 ಅಕ್ಷರದ ಪೂರ್ತಿ ಕಮಿಟ್ ಹ್ಯಾಷ್‌ನಿಂದ ಕರೆಯುವುದು. 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್ ಎಂಬ ಇಂಥದೊಂದು ಆ್ಯಕ್ಷನ್‌ನ ಟ್ಯಾಗುಗಳನ್ನೇ ದಾಳಿಕೋರರು ಕೆಟ್ಟ ಕೋಡಿನತ್ತ ತಿರುಗಿಸಿದ್ದರು. ಅದಕ್ಕೂ ಮುಂಚಿನ ಹ್ಯಾಷ್ ಬರೆದುಕೊಂಡಿದ್ದವರಿಗೆ ಅದು ತಟ್ಟಲಿಲ್ಲ.

ಒಂದೊಂದು ಮೈಲಿಗಲ್ಲಿಗೂ ಕಣ್ಣಿಗೆ ಕಾಣುವ ಸಾಕ್ಷಿ ಬರೆಯಿರಿ: ಎಸ್‌ಬಾಮ್ ಫೈಲು, ಸ್ಕ್ಯಾನ್ ವರದಿ, ಸಹಿ ಇರುವ ಬಿಡುಗಡೆ. ಎನ್‌ಎಲ್‌ನೆಟ್ ಕೆಲಸ ಮುಗಿದ ಮೇಲೆಯೇ ಹಣ ಕಳಿಸುತ್ತದೆ. ಹಾಗಾಗಿ ಎರಡು ಮೂರು ತಿಂಗಳ ಸಂಬಳ ಕೈಯಲ್ಲಿರಲಿ. ವಿದೇಶಿ ಹಣವಾದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, ರಾಜ್ಯದ ಅನುದಾನವಾದರೆ ಮೊದಲ ಕಂತು ಬರುವ ಮುಂಚೆ, ನಿಮ್ಮ ಸಿಎ ಬಳಿ ಕೂತು ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಅಂಗಡಿ ಬಾಡಿಗೆಯೂ ಅನುದಾನವೂ ಒಂದೇ ಖಾತೆಯಲ್ಲಿ ಬೆರೆತರೆ ಹಣ ಬಳಕೆ ಪ್ರಮಾಣಪತ್ರ ಮಾಡಿಸುವುದೇ ಒಂದು ತಲೆನೋವಾಗುತ್ತದೆ.