ಮಲೆನಾಡಿನ ಮನೆಗೆ ರಿವಾಲ್ವರೋ ಪಿಸ್ತೂಲೋ?

ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಬೆದರಿಸಲು ಕೈಬಂದೂಕು ಬೇಕೆನ್ನುವವರು ಆ ಯೋಚನೆ ಬಿಡಿ. ಅದಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇದೆ. ರಿವಾಲ್ವರ್, ಪಿಸ್ತೂಲು ಜೀವರಕ್ಷಣೆಯ ಲೆಕ್ಕದಲ್ಲಿ ಬರುತ್ತವೆ. ಅಪಾಯ ಏನೆಂದು ಜಿಲ್ಲಾಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನವರ ವಿನಾಯಿತಿ ನಮ್ಮ ಶಿವಮೊಗ್ಗಕ್ಕೆ ಅನ್ವಯಿಸುವುದಿಲ್ಲ. ಫಾರಂ ಎ-1ರ ಅರ್ಜಿ, ತರಬೇತಿ ಪ್ರಮಾಣಪತ್ರ, ಪೊಲೀಸ್ ವರದಿ, ಇಷ್ಟೂ ಆಗಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರ ಹೆಸರಲ್ಲಿ ಎರಡೇ ಬಂದೂಕು ಇರಬಹುದು. ಅಪ್ಪನ ಕೇಪಿನ ಕೋವಿ, ಜೊತೆಗೊಂದು ಜೋಡುನಳಿಗೆ ಈಗಾಗಲೇ ನಿಮ್ಮ ಹೆಸರಲ್ಲಿದ್ದರೆ ಮೂರನೆಯದಕ್ಕೆ ಜಾಗವಿಲ್ಲ.

9 ಎಂ.ಎಂ. ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯರಿಗೆ ಸಿಗದು. ಹಾಗಾಗಿ ಹೆಚ್ಚಿನವರ ಆಯ್ಕೆ ಬಂದು ನಿಲ್ಲುವುದು .32ಕ್ಕೆ. ಎಡವುವುದೂ ಇಲ್ಲೇ: ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಬೇರೆ, ಅಶನಿಯಂಥ ಪಿಸ್ತೂಲಿನ .32 ಎಸಿಪಿ, ಅಂದರೆ 7.65 ಎಂ.ಎಂ., ಬೇರೆ. ಪಿಸ್ತೂಲಿನ ಗುಂಡು ಹಲವು ರಿವಾಲ್ವರುಗಳ ಸಿಲಿಂಡರಿಗೆ (ಗುಂಡು ತುಂಬುವ, ತಿರುಗುವ ಉರುಳೆಗೆ) ಸಲೀಸಾಗಿ ಇಳಿದುಬಿಡುತ್ತದೆ, ಆದರೆ ಅದರ ಒತ್ತಡ ಹೆಚ್ಚು. ಹಾರಿಸಬೇಡಿ. ಕೊಳ್ಳುವಾಗ ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿ.

ಗುರಿ ಅಭ್ಯಾಸಕ್ಕೆ ಹೆಚ್ಚು ಅವಕಾಶವಿಲ್ಲದವರಿಗೆ ರಿವಾಲ್ವರೇ ಸರಿ ಎಂಬುದು ನಮ್ಮ ಅಭಿಪ್ರಾಯ. ಒಂದು ಗುಂಡು ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರೆ ಮುಂದಿನದು ಬರುತ್ತದೆ. ಪಿಸ್ತೂಲಾದರೆ ಸ್ಲೈಡನ್ನು, ಅಂದರೆ ಮೇಲಿನ ಜಾರುವ ಭಾಗವನ್ನು, ಹಿಂದಕ್ಕೆ ಎಳೆಯಬೇಕು. ಗಾಬರಿಯಲ್ಲಿ, ಅದೂ ವಯಸ್ಸಾದ ಕೈಗೆ, ಅದು ಸುಲಭವಲ್ಲ. ಇನ್ನೊಂದು ಕಿರಿಕಿರಿ: .32 ಎಸಿಪಿ ಗುಂಡಿನ ಬುಡಕ್ಕೆ ಸಣ್ಣ ಅಂಚಿರುತ್ತದೆ. ಮ್ಯಾಗಜೀನ್ (ಪಿಸ್ತೂಲಿನ ಗುಂಡಿನ ಡಬ್ಬಿ) ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಂಡು ಮ್ಯಾಗಜೀನೇ ಕಚ್ಚಿಕೊಳ್ಳುತ್ತದೆ.

ರಿವಾಲ್ವರಿನ ತೊಂದರೆ ಟ್ರಿಗರಿನ ಬಿಗಿ. ಅಂಗಡಿಯಲ್ಲಿ ಸಿಲಿಂಡರ್ ತೆರೆದು ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಳ್ಳಿ. ಅಂಗಡಿಯವರನ್ನು ಕೇಳಿ ಡಮ್ಮಿ ಗುಂಡು ಹಾಕಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಕುದುರೆ (ಹಿಂಬದಿಯ ಹ್ಯಾಮರ್) ಎಳೆಯದೆ ಬರೀ ಟ್ರಿಗರಿನಿಂದ ಹತ್ತು ಸಲ ಒತ್ತಿ. ಕೊನೆಯ ಸಲಕ್ಕೆ ನಳಿಗೆಯ ತುದಿಯ ಗುರಿಮೊನೆ ಪಕ್ಕಕ್ಕೆ ವಾಲಿದರೆ ಆ ಬಂದೂಕು ನಿಮ್ಮ ಕೈಗಲ್ಲ. ಆಮೇಲೆ ಕುದುರೆಯನ್ನು ನಿಧಾನಕ್ಕೆ ಹಿಂದಕ್ಕೆಳೆಯಿರಿ. ಕುದುರೆ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ಕನೆ ಕಚ್ಚಿರಬೇಕು. ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಕೋಣೆಗಳಿಗೆ ಹೀಗೇ ನೋಡಿ. ಒಂದರಲ್ಲಿ ತಡವಾದರೂ, ಸೆಕೆಂಡ್‌ಹ್ಯಾಂಡ್ ಆದರಂತೂ, ವಾಪಸ್ ಕೊಡಿ: ಕೋಣೆ ನಳಿಗೆಗೆ ಸರಿಯಾಗಿ ಎದುರಾಗದಿದ್ದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಮನೆಯೊಳಗೆ ಗುಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಲೆಕ್ಕ ಹಾಕಿ. ಹಲಗೆಯ ಅಡ್ಡಗೋಡೆ .32ನ್ನು ತಡೆಯುವುದಿಲ್ಲ, ಅಟ್ಟದ ಹಲಗೆಯೂ ಅಷ್ಟೆ. ಮಕ್ಕಳು ಮಲಗುವ ಕೋಣೆಯತ್ತ ಗುರಿ ತಿರುಗದಂಥ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಬಾಗಿಲ ಸದ್ದಾದಾಗ ಮೊದಲು ಟಾರ್ಚು, ಕೂಗು. ತಡವಾಗಿ ಬಂದ ನೆಂಟನೂ ಇರಬಹುದು.

ಹೊರಗೆ ಒಯ್ಯುವುದಾದರೆ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ (ಸೊಂಟದ ಒರೆ), ದಪ್ಪ ಬೆಲ್ಟು ಎರಡೂ ಬೇಕು. ಪಂಚೆಯ ಸೊಂಟಕ್ಕೆ ಸಿಕ್ಕಿಸಿ ಬೈಕಿನಲ್ಲಿ ಘಾಟಿ ಇಳಿಯುವುದು ಹುಚ್ಚಾಟ. ಮಳೆಗಾಲದಲ್ಲಿ ಜಿಪ್ ಹಾಕಿದ ರೈನ್‌ಕೋಟಿನೊಳಗಿನ ಬಂದೂಕು ಬೇಗ ಕೈಗೆ ಸಿಗುವುದೂ ಇಲ್ಲ. ನಿಜ ಹೇಳಬೇಕೆಂದರೆ, ನಮ್ಮ ಕಡೆ ಬಹುಪಾಲು ಜನರಿಗೆ ದಿನವೂ ಹೊತ್ತು ತಿರುಗುವ ಅಗತ್ಯವಿಲ್ಲ.

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಥಂಡಿಗೆ ಚರ್ಮದ ಹೋಲ್ಸ್ಟರ್ ಬೂಸಲು ಹಿಡಿದು ಬಂದೂಕಿಗೂ ತುಕ್ಕು ಹತ್ತಿಸುತ್ತದೆ. ಆದ್ದರಿಂದ ಹೋಲ್ಸ್ಟರಿನಲ್ಲೇ ಇಟ್ಟು ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಳ್ಳಗೆ ಗನ್ ಆಯಿಲ್ ಸವರಿ, ಸಿಲಿಕಾ ಜೆಲ್ ಚೀಲದೊಂದಿಗೆ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ. ಗುಂಡಿಗೆ ಎಣ್ಣೆ ತಾಗಬಾರದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಇಳಿದರೆ ಹಾರದೇ ಹೋಗಬಹುದು. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಲು ಹೇಳಿದರೆ ನಳಿಗೆಯೊಳಗೂ ಎಣ್ಣೆ ಹಚ್ಚಿ ಕೊಟ್ಟು, ನಂಬರ್ ಬರೆದ ರಸೀದಿ ಪಡೆಯಿರಿ. ವಾಪಸ್ ಬಂದ ಮೇಲೆ ಒಣಬಟ್ಟೆ ತೂರಿಸಿ ನಳಿಗೆ ಒರೆಸದೆ ಗುಂಡು ಹಾಕಬೇಡಿ.